ಮೈಲಾರನ ನಾಯಿಗೆ ಹಗ್ಗ

ಬೇಸಿಗೆ ಬಂತೆಂದರೆ ಭಂಡಾರಕವಠೆಯ ಜನರಿಗೆ ಭೀಮೆಯ ಮರಳೇ ಅಂಗಳ. ಹೊಳೆ ಸೊರಗಿ ಒಂದು ದಂಡೆಗೆ ಸರಿದಿರುತ್ತದೆ, ಉಳಿದದ್ದೆಲ್ಲ ಮರಳು. ಹೆಣ್ಣುಮಕ್ಕಳು ಅಲ್ಲಿ ಗುಂಡಿ ತೋಡುತ್ತಾರೆ. ಅದಕ್ಕೆ ವರ್ತಿ ಎನ್ನುತ್ತಾರೆ. ಅದರೊಳಗೆ ತಿಳಿನೀರು ಒಸರುತ್ತದೆ, ಊರು ಕುಡಿಯುವುದು ಅದನ್ನೇ. ಆಚೆ ಬಟ್ಟೆ ಒಗೆಯುವವರು, ಈಚೆ ಕುರಿಯ ಮೈ ತೊಳೆಯುವವರು, ನಡುವೆ ಆಡುವ ಮಕ್ಕಳು. ಇವರೆಲ್ಲರ ನಡುವೆ ಊರಿನ ನಾಯಿಗಳು. ಒಂದು ನಾಯಿ ವರ್ತಿಗೆ ಬಾಯಿ ಹಾಕುತ್ತದೆ, ಇನ್ನೊಂದು ಅದರ ಅಂಚಿನಲ್ಲೇ ಹೇಸಿಗೆ ಮಾಡುತ್ತದೆ. ನಾಯಿಯ ಒಡೆಯ ಮಾತ್ರ ಬೇರೆ ಕಡೆ ಮುಖ ಮಾಡಿ ಬೀಡಿ ಸೇದುತ್ತಿರುತ್ತಾನೆ. ಕೇಳಿದರೆ, “ಹೊಳಿ ಎಲ್ಲಾರದೂ ಐತಿ” ಎನ್ನುತ್ತಾನೆ. ಎಲ್ಲರದೂ ಆದದ್ದಕ್ಕೇ ಎಲ್ಲರೂ ಎಚ್ಚರವಾಗಿರಬೇಕು ಎಂಬುದು ನಮ್ಮ ತಲೆಗೆ ಹೋಗುವುದು ಬಹಳ ತಡ.

ಗೊಲ್ಲಾಳಪ್ಪ ಕುರಿ ಸಾಕಿಕೊಂಡವನು. ಒಳ್ಳೆಯವನೇ, ಆದರೆ ಮೊಂಡ. ಅವನ ಮನೆತನದಲ್ಲಿ ಒಂದು ನಡೆ ಇತ್ತು. ಹಟ್ಟಿಯಲ್ಲಿ ಹುಟ್ಟಿದ ಗಂಡು ನಾಯಿಮರಿಯೊಂದರ ಹಣೆಗೆ ಭಂಡಾರ, ಅಂದರೆ ದೇವರ ಅರಿಷಿಣದ ಪುಡಿ, ಹಚ್ಚಿ ಮೈಲಾರ ದೇವರ ಹೆಸರಿಗೆ ಬಿಡುವುದು. ಹಾಗೆ ಬಿಟ್ಟ ನಾಯಿಯ ಕೊರಳಿಗೆ ಸಾಯುವ ತನಕ ಹಗ್ಗ ಹಾಕುವಂತಿಲ್ಲ. ಖಂಡ್ಯಾ ಅಂಥ ನಾಯಿ. ತೋಳ ಬಂದರೆ ಎದುರು ನಿಲ್ಲುತ್ತಿತ್ತು. ಗೊಲ್ಲಾಳಪ್ಪ ತಾನು ಉಣ್ಣುವ ಮೊದಲು ಅದಕ್ಕೆ ರೊಟ್ಟಿ ಮುರಿದು ಹಾಕುತ್ತಿದ್ದ.

ಹೋಳಿ ಹುಣ್ಣಿಮೆಯ ಹೊತ್ತಿಗೆ ಹೊಳೆಯ ತಿರುವಿನಲ್ಲಿ ಯಾರೋ ಸತ್ತ ಎತ್ತನ್ನು ಎಸೆದು ಹೋಗಿದ್ದರು. ಅದನ್ನು ತಿನ್ನಲು ಬಂದ ಪರವೂರ ನಾಯಿಯೊಂದು ಖಂಡ್ಯಾನ ಕಿವಿ ಕಚ್ಚಿ ಹರಿಯಿತು. ಗೊಲ್ಲಾಳಪ್ಪ ಗಾಯಕ್ಕೆ ಭಂಡಾರ ಒತ್ತಿ ಮರೆತುಬಿಟ್ಟ. ಗಾಯವೂ ಮಾಯಿತು. ತಿಂಗಳೊಪ್ಪತ್ತು ಕಳೆದ ಮೇಲೆ ಖಂಡ್ಯಾ ರೊಟ್ಟಿ ಬಿಟ್ಟಿತು. ಸಿಕ್ಕ ಕಟ್ಟಿಗೆಯನ್ನೆಲ್ಲ ಕಡಿಯತೊಡಗಿತು. ಬೊಗಳಿದರೆ ದನಿಯೇ ಬೇರೆ. ಬಾಯಿಂದ ಜೊಲ್ಲು ಇಳಿಯುತ್ತಿತ್ತು.

“ಏನ್ರಿ, ನಾಯಿ ಯಾಕೋ ನೆಟ್ಟಗಿಲ್ಲ. ನನ್ನ ಗುರ್ತಾನೂ ಹಿಡೀವಲ್ದು,” ಎಂದಳು ಹೆಂಡತಿ ಗಂಗುಬಾಯಿ.

“ಗಂಟಲಾಗ ಎಲುಬು ಸಿಕ್ಕಿರಬೇಕು ತಗಿ,” ಎಂದ ಗೊಲ್ಲಾಳಪ್ಪ ಖಂಡ್ಯಾನ ಬಾಯಿ ಅಗಲಿಸಿ ಕೈಯನ್ನೇ ಒಳಗೆ ಹಾಕಿ ತಡಕಾಡಿದ. ಆ ಬೆರಳುಗಳ ತುಂಬ ಉಣ್ಣೆ ಕತ್ತರಿ ತಾಗಿದ ಹಸಿ ಗಾಯಗಳಿದ್ದವು. ಎಲುಬು ಸಿಗಲಿಲ್ಲ. ಕೈಯನ್ನು ಧೋತರಕ್ಕೆ ಒರೆಸಿಕೊಂಡು, “ಹಂಗಾದ್ರ ಇದು ಬಿಸಲಿನ ಝಳ. ಹೊಳಿಗೆ ಒಯ್ದು ಮುಳಗಿಸಿದ್ರ ತಂಪಾಗತಾನ,” ಎಂದ. ಮಂದಿ ತುಂಬಿದ ಹೊಳೆಗೆ ಕಾಯಿಲೆಯ ನಾಯಿಯನ್ನು, ಅದೂ ಹಗ್ಗವಿಲ್ಲದೆ ಕರೆದುಕೊಂಡು ಹೊರಟ. ಪ್ರೀತಿಯಿಂದಲೇ ಹೊರಟ. ಪ್ರೀತಿ ಇದ್ದರೆ ಸಾಕು, ತಿಳಿವಳಿಕೆ ಬೇಡ ಎಂದುಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಮರಳಿನಲ್ಲಿ ಅಂಜನಾಬಾಯಿ ವರ್ತಿಯ ಮುಂದೆ ಕೂತು ತಂಬಿಗೆಯಿಂದ ಕೊಡ ತುಂಬುತ್ತಿದ್ದಳು. ಅವಳ ಗಂಡ ಭಗವಂತ ಸೋಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದ. ಇಬ್ಬರು ಸಣ್ಣ ಮಕ್ಕಳನ್ನು, ಅತ್ತೆಯನ್ನು ಊರಲ್ಲಿ ನೋಡಿಕೊಳ್ಳುತ್ತಿದ್ದವಳು ಇವಳೊಬ್ಬಳೇ.

“ಗೊಲ್ಲಾಳಣ್ಣಾ, ನಾಯಿ ಹಿಡಕೋರಿ. ಜೊಲ್ಲ ಸುರಸಾಕತ್ತೈತಿ. ಕುಡಿಯೋ ನೀರ್‍ರಿ ಇದು.”

“ಏನೂ ಮಾಡಂಗಿಲ್ಲ ತಂಗಿ. ಮೈಲಾರನ ನಾಯಿ ಅದು. ಇದಕ್ಕ ಹಗ್ಗ ಹಾಕಂಗಿಲ್ಲ.”

ಖಂಡ್ಯಾ ಹೊಳೆಗಿಳಿಯಿತು. ದವಡೆ ಜೋತು ಬಿದ್ದಿತ್ತು. ನೀರಿಗೆ ಮೂತಿ ಇಟ್ಟಿತು, ನುಂಗಲಾಗಲಿಲ್ಲ. ಆಮೇಲೆ ಮೇಲೆ ಬಂದು ವರ್ತಿಯ ಕಡೆ ತೂರಾಡುತ್ತ ನಡೆಯಿತು. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಅಂಜನಾಬಾಯಿಯ ಮುಂಗೈಗೆ ಬಾಯಿ ಹಾಕಿ ಕಚ್ಚಿ ಹಿಡಿಯಿತು.

ಚೀರಾಟಕ್ಕೆ ಮರಳೆಲ್ಲ ಎದ್ದು ನಿಂತಿತು. ಗೊಲ್ಲಾಳಪ್ಪನ ತಮ್ಮ ಬೀರಣ್ಣ ಕುರಿ ಕೂಡುವ ಬಲೆಯನ್ನು ನಾಯಿಯ ಮೇಲೆ ಬೀಸಿ ಒಗೆದ. ಗೊಲ್ಲಾಳಪ್ಪ ಓಡಿ ಬಂದು, ಸೊಂಟದ ಚೀಲದಿಂದ ಭಂಡಾರ ತೆಗೆದು ಅಂಜನಾಬಾಯಿಯ ಗಾಯಕ್ಕೆ ಒತ್ತಲು ಕೈ ಚಾಚಿದ.

“ಕೈ ತಗೀರಿ!” ಎಂಬ ದನಿ ಕೇಳಿತು. ಬಟ್ಟೆ ಒಗೆಯುತ್ತಿದ್ದ ಚಂದ್ರಭಾಗಾ ಎದ್ದು ಬಂದಿದ್ದಳು. ಊರಿನ ಬಾಣಂತನಗಳನ್ನು ಮಾಡಿಸುವ ಸರ್ಕಾರಿ ನರ್ಸಬಾಯಿ ಅವಳು. ಅಂಜನಾಬಾಯಿಯನ್ನು ಹರಿಯುವ ನೀರಿನ ಹತ್ತಿರ ಕೂರಿಸಿ, ಕೈಯಲ್ಲಿದ್ದ ಬಟ್ಟೆ ಸಾಬೂನಿನಿಂದಲೇ ಗಾಯ ತೊಳೆದಳು. ತೊಳೆದಳು, ಮತ್ತೆ ತೊಳೆದಳು. ಅಂಜನಾಬಾಯಿ ಉರಿ ತಾಳದೆ ಅತ್ತರೂ ಬಿಡಲಿಲ್ಲ.

“ಇದರ ಮ್ಯಾಲ ಅರಿಷಿಣ ಬ್ಯಾಡ, ಸುಣ್ಣ ಬ್ಯಾಡ, ಖಾರ ಬ್ಯಾಡ. ಕಟ್ಟೂದೂ ಬ್ಯಾಡ. ಈಗಿಂದೀಗ ಸೋಲಾಪುರದ ದೊಡ್ಡ ದವಾಖಾನಿಗೆ ಹೋಗಬೇಕು. ನಾಯಿಗೆ ಹುಚ್ಚು ಹಿಡದೈತಿ.”

ಗೊಲ್ಲಾಳಪ್ಪನಿಗೆ ಸಿಟ್ಟು ಬಂತು. “ಬಾಯಾರ, ಮಾತ ನೋಡಿ ಆಡ್ರಿ. ಹುಚ್ಚ ನಾಯಿ ನೀರಿಗೆ ಅಂಜತೈತಿ. ನಮ್ಮ ಖಂಡ್ಯಾ ಈಗ ಎಲ್ಲಾರ ಕಣ್ಣಮುಂದ ಹೊಳ್ಯಾಗ ನಿಂತಿತ್ತಲ್ಲ?”

ಸುತ್ತ ನಿಂತವರು ತಲೆಯಾಡಿಸಿದರು. ಅವರೂ ಹಾಗೆಯೇ ನಂಬಿದ್ದರು.

“ನೀರಿಗೆ ಅಂಜೂದು ಆ ಬ್ಯಾನಿ ಬಂದ ಮನಶ್ಯಾರು, ಅಣ್ಣಾ. ನಾಯಿ ಹೊಳೀಗೂ ಇಳೀತೈತಿ, ಈಜೂ ಬೀಳತೈತಿ. ನುಂಗಾಕ ಮಾತ್ರ ಆಗಂಗಿಲ್ಲ. ಅದು ಕುಡದಿದ್ದು ನೀವು ನೋಡೀರೇನು?”

ಗೊಲ್ಲಾಳಪ್ಪ ನೋಡಿರಲಿಲ್ಲ. ಚಂದ್ರಭಾಗಾ ದನಿ ತಗ್ಗಿಸಿ ಇನ್ನೊಂದು ಮಾತು ಕೇಳಿದಳು. “ಇದರ ಬಾಯಾಗ ಯಾರರೆ ಕೈ ಹಾಕೀರೇನು?”

ಅವನು ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ. ಅಷ್ಟರಲ್ಲಿ ಓಡಿ ಬಂದಿದ್ದ ಗಂಗುಬಾಯಿ ಗಂಡನ ಕೈ ಎಳೆದು ಎಲ್ಲರ ಮುಂದೆ ಹಿಡಿದಳು. “ಇವರು ಹಾಕ್ಯಾರ, ಬಾಯಾರ. ಮುಂಜಾನಿ ಹಾಕ್ಯಾರ. ನೋಡ್ರಿ, ಬೆರಳೆಲ್ಲಾ ಗಾಯ.”

“ಹಂಗಾದ್ರ ಇವರೂ ಹೊಂಡಬೇಕು. ಹಸಿ ಗಾಯಕ್ಕ ಜೊಲ್ಲ ತಾಗಿದ್ರೂ ಸಾಕು, ಕಚ್ಚಿದಂಗ ಲೆಕ್ಕ.”

“ನಾ ಬರಂಗಿಲ್ಲ. ಮೈಲಾರಗ ಬಿಟ್ಟ ನಾಯಿ ಕಚ್ಚೈತೆಂತ ಸೂಜಿ ಮಾಡಿಸಿಕೊಂಡ್ರ ದೇವರ ಮ್ಯಾಲ ನಂಬಿಗಿ ಇಲ್ಲಂದಂಗ ಆಗತೈತಿ,” ಎಂದ ಗೊಲ್ಲಾಳಪ್ಪ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

“ಬಂದಮ್ಯಾಲ ಈ ಬ್ಯಾನಿಗೆ ಔಷಧ ಇಲ್ಲಣ್ಣಾ,” ಎಂದಳು ಚಂದ್ರಭಾಗಾ. “ನಾ ಒಬ್ಬ ಬಾಣಂತಿನ್ನ ನೋಡೀನಿ. ತಂಬಿಗಿ ನೀರು ಮುಂದ ಹಿಡದ್ರ ಗಂಟಲ ಬಿಗದು ಒದ್ದಾಡತಿದ್ಲು. ಕೂಸಿಗೆ ಮೊಲಿ ಕೊಡಾಕ ಬಿಡಲಿಲ್ಲ ಆಕೀನ್ನ. ಬರೋ ಮೊದಲ ಹೋದ್ರ ಉಳೀತೀರಿ. ನನಗ ಗೊತ್ತಿದ್ದದ್ದು ಇಷ್ಟ.”

ಗೊಲ್ಲಾಳಪ್ಪ ಮರಳಿನ ಮೇಲೆ ಕೂತುಬಿಟ್ಟ. ಗಂಗುಬಾಯಿ ಅಳುತ್ತಿದ್ದಳು, ಆದರೆ ಮಾತು ನೆಟ್ಟಗಿತ್ತು.

“ಏನ್ರಿ, ಮೈಲಾರಗ ನಾವು ನಾಯಿ ಒಪ್ಪಿಸೀವಿ. ಅಂಜನಾಬಾಯಿನ್ನ ಒಪ್ಪಿಸಿಲ್ಲ. ನನ್ನ ಕುಂಕುಮಾನೂ ಒಪ್ಪಿಸಿಲ್ಲ. ಏಳ್ರಿ ಮ್ಯಾಲ.”

ಗೊಲ್ಲಾಳಪ್ಪ ಎದ್ದ. ಮಂದ್ರೂಪದ ತನಕ ಬಂಡಿ, ಅಲ್ಲಿಂದ ಮೋಟಾರು. ಇಬ್ಬರೂ ಹೊರಡುವ ಮೊದಲು ಚಂದ್ರಭಾಗಾ ಬೀರಣ್ಣನಿಗೆ ಎರಡು ಮಾತು ಹೇಳಿದಳು. ನಾಯಿಯನ್ನು ಹೊಡೆದು ಕೊಲ್ಲಬೇಡ, ಅದರ ಗತಿ ನೋಡಿ ದಾಕ್ತರರಿಗೆ ಹೇಳಬೇಕು, ಬಲೆಯ ಸಮೇತ ಒಂಟಿ ಗುಡಿಸಲಲ್ಲಿ ಕೂಡಿ ಹಾಕು, ಯಾರೂ ಮುಟ್ಟಬೇಡಿ ಎಂದಳು. ಜೊಲ್ಲು ಬಿದ್ದ ವರ್ತಿಯನ್ನು ಮುಚ್ಚಿಸಿ, ಮೇಲಿನ ಕಡೆ ಹೊಸದು ತೋಡಿಸಿದಳು.

ಸೋಲಾಪುರದಲ್ಲಿ ಭಗವಂತನ ಸಾಲುಮನೆ ಚಾಳಿನ ಕೋಣೆಯಲ್ಲಿ ಇಬ್ಬರಿಗೂ ಇಳಿದುಕೊಳ್ಳಲು ಜಾಗವಾಯಿತು. ಆಗೆಲ್ಲ ದಿನವೂ ಹೊಟ್ಟೆಗೆ ಸೂಜಿ. ಅದು ಸುಲಭವಿರಲಿಲ್ಲ, ಸುಳ್ಳು ಹೇಳುವುದಿಲ್ಲ. ಹೊಟ್ಟೆ ಕಲ್ಲಿನಂತಾಗುತ್ತಿತ್ತು, ರಾತ್ರಿ ಮಗ್ಗುಲು ಹೊರಳಲಾಗುತ್ತಿರಲಿಲ್ಲ. ಅಂಜನಾಬಾಯಿ ಗೊಲ್ಲಾಳಪ್ಪನೊಡನೆ ಮಾತು ಬಿಟ್ಟಿದ್ದಳು. ದವಾಖಾನೆಯ ಬೆಂಚಿನ ಆ ತುದಿಗೆ ಅವಳು, ಈ ತುದಿಗೆ ಅವನು ಕೂರುತ್ತಿದ್ದರು.

ಮೂರನೆಯ ದಿನ ಬೀರಣ್ಣ ಬಂದ. ಬಾಗಿಲಲ್ಲೇ ನಿಂತು, “ಅಣ್ಣಾ, ಖಂಡ್ಯಾ ಹೋದ,” ಎಂದ. “ಕಡೀಕ ಹಿಂದಿನ ಕಾಲೇ ಬಿದ್ದೂವು. ದೂರ ನಿಂತು ಹೆಸರ ಹಿಡದು ಕರದೆ. ತಿರುಗಿ ನೋಡಲಿಲ್ಲ.”

ಗೊಲ್ಲಾಳಪ್ಪ ಬೆಂಚಿನ ಮೇಲೆ ಕೂತಲ್ಲೇ ಮುಖ ಮುಚ್ಚಿಕೊಂಡು ಅತ್ತ. ನಾಯಿಗಾಗಿ ಅತ್ತನೋ, ತನ್ನ ಮೊಂಡತನಕ್ಕಾಗಿ ಅತ್ತನೋ, ಎರಡೂ ಇರಬಹುದು. ಕಂಪೌಂಡರನು ಗೊಲ್ಲಾಳಪ್ಪನ ಹೆಸರು ಕೂಗಿದ. ಅವನಿಗೆ ಕೇಳಿಸಲಿಲ್ಲ. ಆಗ ಅಂಜನಾಬಾಯಿ, “ಅಣ್ಣಾ, ನಿಮ್ಮ ಪಾಳಿ ಬಂದೈತಿ. ಏಳ್ರಿ,” ಎಂದಳು. ಅವನು ಕಣ್ಣೊರೆಸಿಕೊಂಡು ಎದ್ದು ಹೋದ. ಒಂದು ಸೂಜಿಯನ್ನೂ ಇಬ್ಬರೂ ತಪ್ಪಿಸಲಿಲ್ಲ. ಇಬ್ಬರೂ ಉಳಿದರು.

ಮರುವರ್ಷದ ಬೇಸಿಗೆಯಲ್ಲಿ ಗೊಲ್ಲಾಳಪ್ಪ ಹೊಸ ನಾಯಿಯೊಡನೆ ಹೊಳೆಗೆ ಬಂದ. ಬರುವ ಮೊದಲೇ ಸೋಲಾಪುರದ ದನದ ದವಾಖಾನೆಗೆ ಒಯ್ದು ಅದಕ್ಕೆ ಹುಚ್ಚು ಬಾರದ ಸೂಜಿ ಹಾಕಿಸಿದ್ದ. ಮರಳು ಕಾಯುವ ಮುಂಚೆ, ಮುಂಜಾನೆ ತಂಪಿನಲ್ಲಿ ಬಂದಿದ್ದ. ವರ್ತಿಗಳನ್ನು ಬಿಟ್ಟು ಕೆಳಗಿನ ದಂಡೆಗೆ ಹೋಗಿ, ನೀರಿನ ಸೆಳೆತ ನೋಡಿ ನಾಯಿಯನ್ನು ಇಳಿಸಿದ. ಅದು ಹೇಸಿಗೆ ಮಾಡಿದಾಗ ಸಲಿಕೆಯಿಂದ ಎತ್ತಿ, ನೀರಿನಿಂದ ದೂರ ಕುಣಿ ತೆಗೆದು ಹೂತ. ಕೊರಳಲ್ಲಿ ಹಗ್ಗ ಇತ್ತು. ಹಣೆಯಲ್ಲಿ ಭಂಡಾರವೂ ಇತ್ತು.

ಹಿರಿಯ ಕುರುಬ ಸಿದ್ದಣ್ಣ ತಡೆದು ಕೇಳಿದ. “ಏನೋ ಗೊಲ್ಲಾಳ, ಮೈಲಾರನ ನಾಯಿಗೆ ಹಗ್ಗ ಹಾಕೀಯಲ್ಲೋ?”

“ಹೌದ್ರಿ ಕಾಕಾ, ಹಾಕೀನಿ. ಮೈಲಾರ ಕೇಳಿದ್ರ ನಾ ಉತ್ತರಾ ಕೊಡತೀನಿ. ಆದ್ರ ಅಂಜನಾಬಾಯಿ ಮಕ್ಕಳು ನಮ್ಮವ್ವ ಎಲ್ಲಿ ಅಂತ ಕೇಳಿದ್ರ ಕೊಡಾಕ ನನ್ನ ಕಡೆ ಉತ್ತರಿಲ್ಲ.”

ಸಿದ್ದಣ್ಣ ತನ್ನ ನಾಯಿಯನ್ನು ವರ್ತಿಯ ಕಡೆಯಿಂದ ಹತ್ತಿರ ಕರೆದುಕೊಂಡ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಲ್ಲೂ ಹೊಳೆಯೋ ಕೆರೆಯೋ ಇರುತ್ತದೆ. ನಾಯಿಯನ್ನು ಒಯ್ಯಬೇಡಿ ಎನ್ನುವುದಿಲ್ಲ, ಅದಕ್ಕೂ ಸೆಕೆ, ಅದಕ್ಕೂ ನೀರು ಬೇಕು. ಸೂಜಿ ಹಾಕಿಸಿ ಒಯ್ಯಿರಿ, ಹಗ್ಗ ಹಾಕಿ ಒಯ್ಯಿರಿ. ಕುಡಿಯುವ ನೀರಿನಿಂದ, ಸತ್ತ ದನದಿಂದ ದೂರ ಇಡಿರಿ. ನಾಯಿಯ ನಡೆ ಬದಲಾದರೆ, ಜೊಲ್ಲು ಸುರಿಸಿದರೆ, ಹೊಳೆಗೆ ಒಯ್ಯಬೇಡಿರಿ, ಅದರ ಬಾಯಿಗೆ ಕೈ ಹಾಕಬೇಡಿರಿ. ಕೂಡಿ ಹಾಕಿ ತಿಳಿದವರಿಗೆ ಹೇಳಿರಿ. ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ ಚೆನ್ನಾಗಿ ತೊಳೆದು ಅಂದೇ ದವಾಖಾನೆಗೆ ಹೋಗಿರಿ. ದಾಕ್ತರರು ಹೇಳಿದಷ್ಟು ಸೂಜಿಯನ್ನು ನಡುವೆ ಬಿಡದೆ ಮಾಡಿಸಿಕೊಳ್ಳಿರಿ. ದೇವರಿಗೆ ಕೈ ಮುಗಿಯಿರಿ, ದವಾಖಾನೆಯ ದಾರಿಯಲ್ಲಿ ಮುಗಿಯಿರಿ.

ಅಂಜನಾಬಾಯಿ ಇಂದಿಗೂ ಅದೇ ಮರಳಿಗೆ ನೀರಿಗೆ ಬರುತ್ತಾಳೆ. ನಾಯಿ ಕಂಡರೆ ಕೊಡ ಹೊತ್ತು ನಿಂತುಬಿಡುತ್ತಾಳೆ, ಕಾಲು ಮುಂದೆ ಬರುವುದಿಲ್ಲ. ನಿಮ್ಮ ನಾಯಿ ಎಷ್ಟೇ ಸಾಧು ಇರಲಿ, ಅವಳು ದಾಟಿ ಹೋಗುವ ತನಕ ಹಗ್ಗ ಗಟ್ಟಿಯಾಗಿ ಹಿಡಿದುಕೊಳ್ಳಿರಿ.