ಎರಡು ಮನೆಗಳು ಮುಚ್ಚಿಟ್ಟ ನೋವು

ಪ್ರತಿ ಮನೆಯ ಒಳಕೋಣೆಯಲ್ಲೂ ಹೆಸರು ಹೇಳಬಾರದ ಒಬ್ಬ ನೆಂಟ ಇರುತ್ತಾನೆ, ಬಂದವರ ಕಣ್ಣಿಗೆ ಬೀಳದ ಹಾಗೆ ಮನೆಯವರು ಅವನನ್ನು ಸಾಕುತ್ತಾರೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಬೆಟ್ಟದ ಬುಡದ, ಖರ್ಜೂರದ ತೋಟಗಳ ನಮ್ಮ ಊರುಗಳಲ್ಲಿ ಅಂಥ ನೆಂಟ ಬಹಳ ಮನೆಗಳಲ್ಲಿದ್ದಾನೆ. ಮಕ್ಕಳ ಕೈಕಾಲು ಹಿಡಿದು ಹಿಂಡುತ್ತಾನೆ, ಹೋಗುತ್ತಾನೆ, ಮತ್ತೆ ಬರುತ್ತಾನೆ. ಆಸ್ಪತ್ರೆಯವರು ಅದನ್ನು ಕುಡುಗೋಲು ಕಣದ ಕಾಯಿಲೆ ಎನ್ನುತ್ತಾರೆ. ನಾವು ಮಾತ್ರ ‘ಗಾಳಿ ತಾಗಿದೆ’ ಎನ್ನುತ್ತೇವೆ. ಮನೆಯಲ್ಲಿ ಮದುವೆಯಾಗಬೇಕಾದ ಮಕ್ಕಳಿರುತ್ತಾರಲ್ಲ.

ಝುವೈನಾ ಈ ನೋವಿನ ಜೊತೆಗೇ ಹುಟ್ಟಿದವಳು. ಆದರೂ ಓದಿನಲ್ಲಿ ಮುಂದೆ. ನಿಜ್ವಾ ಪಟ್ಟಣದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಸೀಟು ಸಿಕ್ಕಿದಾಗ ಓಣಿಯ ಹೆಂಗಸರೆಲ್ಲ ಕಾಫಿ ಕುಡಿಯಲು ಬಂದರು. ಮುಂದೆ ಏನು ಕಲಿಸುತ್ತೀ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: ಒಂದನೇ ತರಗತಿ. ಚಾಪೆಯ ಮೇಲೆ ಪುಟ್ಟ ಮಕ್ಕಳ ನಡುವೆ ಕಾಲು ಮಡಚಿ ಕೂರಬೇಕು, ಅವರ ಬೆರಳು ಹಿಡಿದು ಅಕ್ಷರ ತಿದ್ದಿಸಬೇಕು. ಅಷ್ಟೇ ಅವಳ ಕನಸು.

ಅವಳ ತಾಯಿಯನ್ನು ಊರು ಉಮ್ಮ್ ಖಲ್ಫಾನ್ ಎಂದು ಕರೆಯುತ್ತದೆ, ಹಿರಿಮಗ ಖಲ್ಫಾನನ ತಾಯಿ ಎಂದು. ಮಗಳ ಪೆಟ್ಟಿಗೆ ಕಟ್ಟುವಾಗ ಆಕೆ ಗುಳಿಗೆಗಳನ್ನೆಲ್ಲ ಅವುಗಳ ಡಬ್ಬಿಯಿಂದ ತೆಗೆದು ಲೋಬಾನದ ಭರಣಿಯೊಳಗೆ ಹಾಕಿದಳು. ಮೇಲೆ ಒಂದು ಹಿಡಿ ಲೋಬಾನ ಹರಡಿದಳು.

“ಹುಡುಗೀರ ಮುಂದೆ ನುಂಗಬೇಡ ಮಗಳೇ. ಅವರಿಗೂ ಅಮ್ಮಂದಿರಿದಾರೆ, ಆ ಅಮ್ಮಂದಿರಿಗೂ ನಾಲಿಗೆ ಇದೆ. ಅಲ್ಲಿ ನಿಮ್ಮತ್ತೆ ಮೌಜಾ ಬೇರೆ ಇದಾಳೆ. ಅವಳ ಕಿವಿಗೆ ಬಿತ್ತೋ, ಹಿಲಾಲನ ಮಾತು ಅಲ್ಲಿಗೇ ಮುಗೀತು.”

ಮೌಜಾ ಝುವೈನಾಳ ತಂದೆಯ ತಂಗಿ. ಮದುವೆಯಾಗಿ ನಿಜ್ವಾ ಸೇರಿ ಬಹಳ ವರ್ಷಗಳಾಗಿದ್ದವು. ಅವಳ ಮಗ ಹಿಲಾಲನಿಗೆ ಝುವೈನಾ ಎಂದು ಎರಡೂ ಮನೆಗಳಲ್ಲಿ ಮಾತಾಗಿತ್ತು. ಬಾಯಿಬಿಟ್ಟು ಯಾರೂ ಕೇಳಿರಲಿಲ್ಲ. ಆದರೆ ಪ್ರತಿ ಹಬ್ಬಕ್ಕೂ ಮೌಜಾ ಕಳಿಸುವ ಹಲ್ವಾದ ಬಟ್ಟಲು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿತ್ತು.

ಹಾಸ್ಟೆಲಿನ ಕೋಣೆಯಲ್ಲಿ ಝುವೈನಾಳ ಜೊತೆ ಇನ್ನಿಬ್ಬರು ಹುಡುಗಿಯರಿದ್ದರು. ಅವರು ಆಚೆ ಹೋದಾಗಷ್ಟೇ ಭರಣಿ ತೆರೆಯಬೇಕು. ಅವರು ಆಚೆ ಹೋಗುವುದೇ ಅಪರೂಪ. ಹೀಗೆ ದಿನಾ ನುಂಗಬೇಕಾದ ಗುಳಿಗೆ ಬಿಡುವು ಸಿಕ್ಕಾಗಿನ ಗುಳಿಗೆಯಾಯಿತು. ನೀರು ಧಾರಾಳವಾಗಿ ಕುಡಿಯಬೇಕೆಂದು ವೈದ್ಯರು ಹೇಳಿದ್ದರು. ಪದೇ ಪದೇ ತರಗತಿಯಿಂದ ಎದ್ದುಹೋದರೆ ಹುಡುಗಿಯರು ಏನೆಂದುಕೊಂಡಾರು ಎಂದು ಅವಳು ಅದನ್ನೂ ಕಡಿಮೆ ಮಾಡಿದಳು. ಎಸಿಯ ತಣ್ಣನೆ ಗಾಳಿ ನೇರವಾಗಿ ಬೀಳುವ ಬೆಂಚಿನಿಂದಲೂ ಏಳಲಿಲ್ಲ.

ಅದೇ ಹಾಸ್ಟೆಲಿನಲ್ಲಿ ಶಂಸಾ ಎಂಬ ಮೂರನೇ ವರ್ಷದ ಹುಡುಗಿ ಇದ್ದಳು. ಅವಳಿಗೂ ಇದೇ ಕಾಯಿಲೆ, ಇಡೀ ಹಾಸ್ಟೆಲಿಗೆ ಗೊತ್ತು. ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು, ಮಗುವನ್ನು ಎತ್ತಿಕೊಂಡಂತೆ ದೊಡ್ಡ ನೀರಿನ ಬಾಟಲಿ ಎತ್ತಿಕೊಂಡು ಓಡಾಡುತ್ತಿದ್ದಳು. ಮದುವೆ ಯಾವಾಗ ಎಂದು ಹುಡುಗಿಯರು ರೇಗಿಸಿದರೆ, ಆಗಿದೆಯಲ್ಲ, ಈ ಬಾಟಲಿಯ ಜೊತೆ ಎನ್ನುತ್ತಿದ್ದಳು. ನೋವು ಬಂದ ದಿನ ಅವಳ ಚೀಲ ಹೊರಲು ಒಬ್ಬಳು, ಬಿಸಿನೀರಿನ ಚೀಲ ತುಂಬಿಸಲು ಇನ್ನೊಬ್ಬಳು. ತಪ್ಪಿದ ಪಾಠಗಳನ್ನು ಮೇಷ್ಟರೇ ಮತ್ತೆ ಹೇಳಿಕೊಡುತ್ತಿದ್ದರು. ಝುವೈನಾ ಇದನ್ನೆಲ್ಲ ದೂರದಿಂದ ನೋಡುತ್ತಿದ್ದಳು, ಹಬ್ಬದ ಮನೆಯನ್ನು ಕಿಟಕಿಯಿಂದ ನೋಡುವವರ ಹಾಗೆ.

ಚಳಿಗಾಲ ಬಂತು. ಝುವೈನಾಳ ಬಲ ಸೊಂಟದಲ್ಲಿ ಹೊಸದೊಂದು ನೋವು ಶುರುವಾಯಿತು. ಬಂದು ಹೋಗುವ ನೋವಲ್ಲ, ಬಂದು ಕೂತ ನೋವು. ಮೆಟ್ಟಿಲು ಹತ್ತುವಾಗ ಅವಳು ಗೋಡೆ ಹಿಡಿಯುವುದನ್ನು ಕಂಡ ಶಂಸಾ, ನಿನಗೂ ಇದೆಯಾ ಎಂದು ಮೆಲ್ಲಗೆ ಕೇಳಿದಳು. ಇಲ್ಲವೆಂದಳು ಝುವೈನಾ. ಜಾರಿ ಬಿದ್ದೆ ಎಂದಳು.

ರಜೆಗೆ ಊರಿಗೆ ಬಂದಾಗ ತಾಯಿಗೆ ಮಾತ್ರ ನಿಜ ಹೇಳಿದಳು. ಉಮ್ಮ್ ಖಲ್ಫಾನ್ ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ಊರು ಕೂತಿರುತ್ತದೆ. ಅದರ ಬದಲು ಕಣಿವೆಯ ಆಚೆ ಬರೆ ಹಾಕುವ ಮುದುಕನ ಬಳಿಗೆ ಕರೆದೊಯ್ದಳು. ಕಾದ ಕಬ್ಬಿಣ ಗಾಳಿಯನ್ನು ಓಡಿಸುತ್ತದೆ ಎಂಬುದು ಆಕೆಯ ಅಮ್ಮ, ಅಮ್ಮನ ಅಮ್ಮ ನಂಬಿದ ಮಾತು. ಮುದುಕ ಕೆಟ್ಟವನಲ್ಲ. ದೇವರ ಹೆಸರು ಹೇಳಿಯೇ ಕಬ್ಬಿಣ ಇಟ್ಟ. ಝುವೈನಾಳ ಸೊಂಟದಲ್ಲಿ ಬರೆಗಳು ಉಳಿದವು, ಒಳಗಿನ ನೋವೂ ಉಳಿಯಿತು.

ಅದಾದ ಮೇಲೆ ರಂಜಾನ್ ಬಂತು. ಉಪವಾಸ ಮಾಡಬೇಡ, ಒಂದು ಹನಿ ನೀರೂ ಇಲ್ಲದೆ ಹಗಲೆಲ್ಲ ಇದ್ದರೆ ನಿನ್ನ ರಕ್ತ ತಡೆಯುವುದಿಲ್ಲ ಎಂದು ಅವಳ ವೈದ್ಯರು ಚಿಕ್ಕಂದಿನಿಂದ ಹೇಳುತ್ತ ಬಂದಿದ್ದರು. ಆದರೆ ಹಾಸ್ಟೆಲಿನಲ್ಲಿ ಎಲ್ಲರೂ ಒಟ್ಟಿಗೆ ಎದ್ದು, ಒಂದೇ ತಟ್ಟೆಯ ಸುತ್ತ ಕೂತು ಬೆಳಗಿನ ಜಾವದ ಊಟ ಮಾಡುತ್ತಾರೆ. ಅವಳೊಬ್ಬಳು ತಿಂಗಳಿಡೀ ಉಪವಾಸ ಬಿಟ್ಟರೆ ಏಕೆಂದು ಹೇಳಬೇಕು. ಹೇಳುವುದಕ್ಕಿಂತ ಹಸಿಯುವುದು ಸುಲಭ ಎನಿಸಿತು.

ಒಂದು ಸಂಜೆ ಉಪವಾಸ ಮುರಿಯುವ ಹೊತ್ತಿಗೆ ಸ್ವಲ್ಪ ಮೊದಲು, ಅಡುಗೆಮನೆಯಿಂದ ಸಮೋಸ ಕರಿಯುವ ವಾಸನೆ ಬರುತ್ತಿದ್ದಾಗ, ಶಂಸಾ ಖರ್ಜೂರ ಹಂಚುತ್ತ ಕೋಣೆಗೆ ಬಂದಳು. ಝುವೈನಾ ನೆಲದ ಮೇಲೆ ಮುದುರಿ ಬಿದ್ದಿದ್ದಳು. ತುಟಿ ಬಿಳಿಚಿತ್ತು. ಮೈ ಸುಡುತ್ತಿತ್ತು. ಶಂಸಾ ತನ್ನ ಬಾಟಲಿಯನ್ನೇ ಅವಳ ಬಾಯಿಗೆ ಹಿಡಿದಳು. ಝುವೈನಾ ಮುಖ ತಿರುಗಿಸಿ, ಮಸೀದಿಯಲ್ಲಿ ಇನ್ನೂ ಬಾಂಗ್ ಆಗಿಲ್ಲ ಎಂದಳು.

“ಕಾಯಿಲೆಯವರಿಗೆ ದೇವರೇ ಉಪವಾಸ ಬಿಟ್ಟುಕೊಟ್ಟಿದಾನೆ. ನೀನ್ಯಾಕೆ ಹಿಡ್ಕೊಂಡು ಕೂತಿದೀಯ? ಕುಡಿ.”

ಝುವೈನಾ ಕುಡಿದಳು, ಕುಡಿಯುತ್ತಲೇ ಅತ್ತಳು. ಆಸ್ಪತ್ರೆಗೆ ಹೋಗೋಣವೆಂದರೆ ಮಾತ್ರ ಒಪ್ಪಲಿಲ್ಲ, ಅಮ್ಮನನ್ನು ಕೇಳಬೇಕೆಂದಳು. ಫೋನಿನಲ್ಲಿ ತಾಯಿ ಗಾಬರಿಯಾದಳು. ಆದರೂ ಹೇಳಿದ್ದು ಒಂದೇ ಮಾತು, ಅಲ್ಲಿಯ ಆಸ್ಪತ್ರೆ ಬೇಡ, ಖಲ್ಫಾನ್ ಕಾರು ತರುತ್ತಾನೆ, ಮನೆಗೆ ಬಾ. ಶಂಸಾ ಫೋನು ಕಿತ್ತುಕೊಂಡಳು.

“ಖಾಲಾ, ಜ್ವರ ಬಂದಿದೆ, ಉಸಿರು ಎಳೆದ್ರೆ ಎದೆ ನೋಯ್ತಿದೆ. ಈ ಕಾಯಿಲೆಯವರಿಗೆ ಇವೆರಡೂ ಒಟ್ಟಿಗೆ ಬಂದ್ರೆ ಕಾಯೋ ಹಾಗಿಲ್ಲ. ನಿಮ್ಮ ಕಾರು ಬರೋವರೆಗೆ ಇವಳು ಇರ್ತಾಳೆ ಅಂತ ನಾನು ಮಾತು ಕೊಡಲಾರೆ. ನಾನು ಕರ್ಕೊಂಡು ಹೋಗ್ತಿದೀನಿ. ಬೈಯೋದಾದ್ರೆ ಆಮೇಲೆ ಬೈಯಿರಿ.”

ಆಸ್ಪತ್ರೆಯಲ್ಲಿ ಝುವೈನಾಳಿಗೆ ಆಮ್ಲಜನಕ ಕೊಟ್ಟರು, ರಕ್ತ ಕೊಟ್ಟರು. ಜೀವ ಉಳಿಯಿತು. ಜ್ವರ ಇಳಿದ ಮೇಲೆ ವೈದ್ಯೆ ಅವಳ ಸೊಂಟದ ಮೂಳೆಯ ಚಿತ್ರ ತೆಗೆಸಿದರು. ಬರೆಗಳ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ಊರಿನಿಂದ ಓಡಿಬಂದಿದ್ದ ಉಮ್ಮ್ ಖಲ್ಫಾನಳನ್ನು ಕೂರಿಸಿಕೊಂಡು, ನಿಮ್ಮೂರಿನಲ್ಲಿ ತೋಟಕ್ಕೆ ನೀರು ಹೇಗೆ ಬರುತ್ತದೆ ಎಂದು ಕೇಳಿದರು. ಬೆಟ್ಟದ ಕಾಲುವೆಯಿಂದ ಎಂದಳು ತಾಯಿ. ಕಾಲುವೆಗೆ ಖರ್ಜೂರದ ಗರಿ ಅಡ್ಡ ಬಿದ್ದರೆ ಕೆಳಗಿನ ತೋಟ ಏನಾಗುತ್ತದೆ? ಒಣಗುತ್ತದೆ ಎಂದಳು. ಇವಳ ರಕ್ತದ ಕಣಗಳು ಬಾಗಿದ ಕುಡುಗೋಲಿನಂತೆ, ನೀರು ಕಡಿಮೆಯಾದಾಗ, ಚಳಿ ತಾಗಿದಾಗ, ಮೈ ದಣಿದಾಗ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ ಎಂದರು ವೈದ್ಯೆ. ಸೊಂಟದ ಮೂಳೆಯ ತುದಿಗೆ ಬಹಳ ದಿನ ರಕ್ತ ಸರಿಯಾಗಿ ತಲುಪಿಲ್ಲ. ಆ ತುದಿ ಸತ್ತು ಕುಸಿದಿದೆ.

“ಮತ್ತೆ ಚಿಗುರಲ್ವಾ?” ಎಂದು ತಾಯಿ ಕೇಳಿದಳು.

“ಇಲ್ಲಮ್ಮ. ನೋವು ಶುರುವಾದಾಗಲೇ ಬಂದಿದ್ರೆ ಉಳಿಸೋಕೆ ಏನಾದ್ರೂ ಮಾಡಬಹುದಿತ್ತು. ಇನ್ನು ಮೇಲೆ ಕೋಲು ಹಿಡಿದು ನಡೀತಾಳೆ. ಮುಂದೆ ಕೀಲು ಬದಲಾಯಿಸಬೇಕಾದೀತು. ಕೆಳಗೆ ಕಾಲು ಮಡಚಿ ಕೂರೋದು ಆಗಲ್ಲ.”

ಮಂಚದ ಮೇಲಿದ್ದ ಝುವೈನಾಳಿಗೆ ಎಲ್ಲವೂ ಕೇಳಿಸುತ್ತಿತ್ತು. ಕೋಲಿನ ಮಾತಿಗೆ ಅವಳು ಅಳಲಿಲ್ಲ. ಕೊನೆಯ ಮಾತಿಗೆ ಗೋಡೆಯ ಕಡೆ ಹೊರಳಿದಳು.

ಅಂದು ಮಧ್ಯಾಹ್ನ ಅತ್ತೆ ಮೌಜಾ ಬಂದಳು. ಅವಳ ಕೈಯಲ್ಲಿ ಕಾಫಿಯ ಫ್ಲಾಸ್ಕಾಗಲಿ ಹಣ್ಣಾಗಲಿ ಇರಲಿಲ್ಲ. ಅವಳು ರೋಗಿಯನ್ನು ನೋಡಲು ಮನೆಯಿಂದ ಹೊರಟು ಬಂದವಳಲ್ಲ. ಅದೇ ವಾರ್ಡಿನ ಕೊನೆಯಲ್ಲಿರುವ ಕ್ಲಿನಿಕ್ಕಿಗೆ ಹಿಲಾಲನ ಗುಳಿಗೆ ತರಲು ಬಂದಿದ್ದಳು. ಬಾಗಿಲಲ್ಲಿ ಅತ್ತಿಗೆಯನ್ನು ಕಂಡು ಔಷಧಿಯ ಪೊಟ್ಟಣವನ್ನು ಬುರುಕಿಯ ಕೆಳಗೆ ಸರಿಸಿದಳು. ಉಮ್ಮ್ ಖಲ್ಫಾನ್ ಆಗಲೇ ನೋಡಿಬಿಟ್ಟಿದ್ದಳು. ಅವೇ ಗುಳಿಗೆಗಳು. ತನ್ನ ಕೈಯಾರೆ ಲೋಬಾನದೊಳಗೆ ಹೂತಿಟ್ಟ ಗುಳಿಗೆಗಳು.

“ಹಿಲಾಲನಿಗಾ?” ಎಂದಳು.

ಮೌಜಾ ಮಂಚದ ತುದಿಯಲ್ಲಿ ಕುಸಿದು ಕೂತಳು.

“ಹುಟ್ಟಿದಾಗಿನಿಂದ. ಇಲ್ಲಿನ ಡಾಕ್ಟರಮ್ಮ ಅವನನ್ನ ಚೆನ್ನಾಗಿ ನೋಡ್ಕೊಂಡಿದಾಳೆ, ಕೆಲಸಕ್ಕೂ ಹೋಗ್ತಾನೆ. ನಿಮಗೆ ತಿಳಿದ್ರೆ ಹುಡುಗಿ ಕೊಡಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ ಅತ್ತಿಗೆ. ನೀನು ಒಂದು ಮಾತು ಹೇಳಿದ್ರೆ ಈ ಹುಡುಗೀನ ನಾನೇ ಇಲ್ಲಿಗೆ ಕರ್ಕೊಂಡು ಬರ್ತಿದ್ದೆ. ನನ್ನ ಮನೆಯಿಂದ ಹಾಸ್ಟೆಲ್ ಕಾಣುತ್ತೆ.”

“ನೀನು ಒಂದು ಮಾತು ಹೇಳಿದ್ರೆ ನಾನೂ ಹೇಳ್ತಿದ್ದೆ,” ಎಂದಳು ಉಮ್ಮ್ ಖಲ್ಫಾನ್. ಯಾರು ಯಾರನ್ನು ಬೈಯಬೇಕು?

ಮದುವೆಯ ಮಾತು ಅಲ್ಲಿಗೆ ನಿಂತಿತು. ಅದು ನಿಲ್ಲಲೇಬೇಕಿತ್ತು. ತಂದೆತಾಯಿ ಇಬ್ಬರಿಗೂ ಈ ಕಾಯಿಲೆ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಬರುತ್ತದೆ ಎಂದು ವೈದ್ಯೆ ಬಿಡಿಸಿ ಹೇಳಿದರು. ಎರಡು ಮನೆಗಳು ಯಾವ ಮದುವೆಗಾಗಿ ಗುಟ್ಟು ಕಾದವೋ, ಆ ಮದುವೆ ಆಗಬಾರದ ಮದುವೆಯಾಗಿತ್ತು.

ಹಬ್ಬ ಕಳೆದ ಮೇಲೆ ಉಮ್ಮ್ ಖಲ್ಫಾನ್ ಮತ್ತೆ ಹಟ ಹಿಡಿದಳು. ಓದು ಸಾಕು, ಇನ್ನು ಮಗಳು ಕಣ್ಣಮುಂದೆ ಇರಲಿ ಎಂದಳು. ಝುವೈನಾ ಬೇಡಿಕೊಂಡಳು, ಖಲ್ಫಾನ್ ವಾದಿಸಿದ, ಆಕೆ ಕೇಳಲಿಲ್ಲ. ಕೊನೆಗೆ ಶಂಸಾ ಬಂದಳು. ಪಡಸಾಲೆಯಲ್ಲಿ ಕಾಫಿ ಕುಡಿದು, ಕೈ ತೊಳೆದು, ಹಿರಿಯರ ಮುಂದೆ ಆಡಬಾರದ ಮಾತನ್ನು ಆಡಿದಳು.

“ಖಾಲಾ, ನಿಮ್ಮ ಕಣ್ಣಮುಂದೆ ಇದ್ದಾಗಲೇ ಅಲ್ವಾ ಇವಳ ಸೊಂಟ ಸುಟ್ಟಿದ್ದು?”

ಉಮ್ಮ್ ಖಲ್ಫಾನ್ ಕೈಯಲ್ಲಿದ್ದ ಕಾಫಿ ಬಟ್ಟಲನ್ನು ಕೆಳಗಿಟ್ಟಳು. ಶಂಸಾ ದನಿ ತಗ್ಗಿಸಿದಳು. ತನ್ನ ಅಮ್ಮ ಮೊದಲ ದಿನವೇ ವಾರ್ಡನ್ನಿಗೂ ಕೋಣೆಯ ಗೆಳತಿಯರಿಗೂ ಎಲ್ಲ ತಿಳಿಸಿ ಹೋಗಿದ್ದಳು ಎಂದಳು. ನೋವು ತನ್ನನ್ನು ಬಿಟ್ಟಿಲ್ಲ, ಪರೀಕ್ಷೆಯ ದಿನವೂ ಬಂದಿದೆ. ಆದರೆ ನೋವು ಬಂದ ದಿನ ತಾನು ಒಬ್ಬಳೇ ಇರಲಿಲ್ಲ.

ಉಮ್ಮ್ ಖಲ್ಫಾನ್ ಮಗಳ ಕೋಲಿನ ಕಡೆ ನೋಡಿ ಹೇಳಿದಳು: “ಹೆಸರು ಉಳಿಸೋಕೆ ಹೋಗಿ ಮಗಳ ಕಾಲು ಕಳೆದೆ. ಇನ್ನು ಓದನ್ನೂ ಕಳೆದ್ರೆ ನಾನು ತಾಯಿಯಾ?”

ಕಾಲೇಜು ತೆರೆದ ದಿನ ಮಗಳ ಜೊತೆ ಆಕೆಯೂ ಹೋದಳು. ವಾರ್ಡನ್ನಿನ ಮುಂದೆ ಕೂತು ಕಾಯಿಲೆಯ ಹೆಸರು ಹೇಳಿದಳು. ಝುವೈನಾಳಿಗೆ ಕೆಳಗಿನ ಅಂತಸ್ತಿನಲ್ಲಿ ಕೋಣೆ ಕೊಟ್ಟರು. ಗೆಳತಿಯರಲ್ಲಿ ಒಬ್ಬಳು ಮುನಿಸಿಕೊಂಡಳು. ಒಂದೇ ತಟ್ಟೆಯಲ್ಲಿ ಉಂಡವರು ನಾವು, ನಮ್ಮನ್ನೇ ನಂಬಲಿಲ್ಲವಾ ಎಂದಳು.

ಅವಳು ಈಗ ಕುರ್ಚಿಯ ಮೇಲೆ ಕೂತು ಪಾಠ ಹೇಳುವುದನ್ನು ಕಲಿಯುತ್ತಿದ್ದಾಳೆ. ಚೆನ್ನಾಗಿಯೇ ಕಲಿಯುತ್ತಿದ್ದಾಳೆ. ಆದರೂ ಕುರ್ಚಿಗೂ ನೆಲಕ್ಕೂ ನಡುವೆ ಒಂದು ಮೊಳ ದೂರವಿದೆ. ಆ ದೂರ ಇನ್ನು ಯಾರಿಂದಲೂ ತುಂಬಲಾಗದು.

ಇದನ್ನು ಓದುತ್ತಿರುವ ತಾಯಂದಿರೇ, ಓದಲು ಹೊರಟಿರುವ ಮಕ್ಕಳೇ, ಇಂಥ ಕಾಯಿಲೆ ನಮ್ಮ ಕಣಿವೆಯಲ್ಲಿ ಮಾತ್ರವಲ್ಲ, ನಿಮ್ಮ ಕಾಡಿನ ಆದಿವಾಸಿ ಹಾಡಿಗಳಲ್ಲೂ ಇದೆ. ಇದು ಅಂಟುವ ರೋಗವಲ್ಲ, ಯಾರ ತಪ್ಪೂ ಅಲ್ಲ. ಮಗು ಕಾಲೇಜಿಗೆ ಹೊರಟಾಗ ವಾರ್ಡನ್ನಿಗೆ, ಒಬ್ಬ ಅಧ್ಯಾಪಕರಿಗೆ, ಕೋಣೆಯ ಗೆಳೆಯರಿಗೆ ವಿಷಯ ತಿಳಿಸಿ. ಆ ಊರಿನ ಆಸ್ಪತ್ರೆಗೆ ಮೊದಲೇ ಒಮ್ಮೆ ಹೋಗಿ ಪರಿಚಯ ಮಾಡಿಕೊಳ್ಳಿ. ಗುಳಿಗೆ ದಿನಾ ನುಂಗಲಿ, ನೀರು ಧಾರಾಳವಾಗಿ ಕುಡಿಯಲಿ, ಚಳಿಯಲ್ಲಿ ಮೈ ಬೆಚ್ಚಗಿರಲಿ. ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಿ. ಜ್ವರ ಬಂದರೆ, ಎದೆ ನೋವು ಬಂದರೆ, ಉಸಿರು ಕಟ್ಟಿದರೆ ಯಾರ ಅಪ್ಪಣೆಗೂ ಕಾಯದೆ ಆಸ್ಪತ್ರೆಗೆ ಓಡಿ. ಬಿಡದೆ ಕಾಡುವ ಸೊಂಟ ನೋವನ್ನು ತೋರಿಸಿ, ಬರೆ ಹಾಕಿಸಬೇಡಿ. ಮದುವೆಯ ಮಾತಿಗೆ ಮೊದಲು ಎರಡೂ ಕಡೆಯವರು ರಕ್ತ ಪರೀಕ್ಷೆ ಮಾಡಿಸಿ.

ನೋವು ಹೇಗೂ ಮಗುವಿನ ಜೊತೆ ಹೋಗುತ್ತದೆ. ಮಗುವನ್ನು ಆ ನೋವಿನ ಜೊತೆ ಒಂಟಿಯಾಗಿ ಕಳಿಸಬೇಡಿ.