ಉತ್ತರದ ಗೋಡೆ

"ಅಲ್ಲಲ್ಲ, ಆ ಕಡೆ ಬೇಡ. ಬಾಗಿಲ ಹತ್ತಿರ ಇಳಿಸಿ," ಎಂದು ಮಗಳು ಎರಡನೇ ಸಲ ಹೇಳಿದಳು. ಹೊತ್ತು ತಂದವರು ಕಿವಿಗೇ ಹಾಕಿಕೊಳ್ಳಲಿಲ್ಲ. ಮೇಸ್ತ್ರಿಯ ದೇಹವಿದ್ದ ಮಂಚವನ್ನು ದೊಡ್ಡಮನೆಯ ಪಡಸಾಲೆಯಲ್ಲಿ, ಉತ್ತರದ ಗೋಡೆಯ ಪಕ್ಕಕ್ಕೇ ಇಳಿಸಿದರು.

"ಇಲ್ಲೇ ಇರಲಿ ಬಿಡಮ್ಮ," ಎಂದರು ಅಧ್ಯಕ್ಷರು. "ಈ ಗೋಡೆ ಉಳಿಸಿದ್ದೇ ನಿಮ್ಮಪ್ಪ."

ಅಧ್ಯಕ್ಷರೆಂದರೆ ಹಳೇ ಮನೆಗಳನ್ನು ಉಳಿಸುವ ಸಮಿತಿಗೆ ಅಧ್ಯಕ್ಷರು. ಊರಿನಲ್ಲಿದ್ದ ಹನ್ನೊಂದು ಹಳೇ ಮಣ್ಣಿನ ಮನೆಗಳಲ್ಲಿ ಒಂಬತ್ತು ನೆಲಕಚ್ಚಿದ ಮೇಲೆ ಇವರಿಗೆ ಎಚ್ಚರವಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇರಲಿ, ಅಷ್ಟಾದರೂ ಮಾಡಿದರಲ್ಲ. ದೊಡ್ಡಮನೆಯನ್ನು ದುರಸ್ತಿ ಮಾಡಿಸಿ, ಫಲಕ ಹಾಕಿಸಿ, ಊರವರಿಗೆಲ್ಲ ತೆರೆದಿಟ್ಟರು. ಮೇಸ್ತ್ರಿಯ ಎರಡು ಕೋಣೆಯ ಮನೆಯಲ್ಲಿ ಜನ ಹಿಡಿಸುವುದಿಲ್ಲವೆಂದು ಇವತ್ತು ಅವನನ್ನೂ ಇಲ್ಲಿಗೇ ತಂದಿದ್ದರು.

ಜನ ಬಂತು, ಬರುತ್ತಲೇ ಇತ್ತು. ನಾಲ್ಕು ದಿನ ಸುರಿದ ಮಳೆ ಬೆಳಿಗ್ಗೆಯಷ್ಟೇ ನಿಂತಿತ್ತು. ಒಳಗೆ ಬಂದವರೆಲ್ಲ ಗೋಡೆಗೆ ಒರಗಿ ಕೂತರು.

"ಚಿನ್ನದಂಥ ಕೈ ನಿಮ್ಮಪ್ಪಂದು," ಎಂದಳು ಪಕ್ಕದ ಮನೆಯ ಅಜ್ಜಿ. "ದಿನಾ ಸಂಜೆ ಬಂದು ಈ ಗೋಡೆ ತಟ್ಟಿ ತಟ್ಟಿ ನೋಡ್ತಿದ್ದ. ಏನೋ, ಗೋಡೆ ಜೊತೆ ಸಂಬಂಧ ಬೆಳೆಸ್ತಿದ್ದೀಯಾ ಅಂತ ಕೇಳಿದ್ದೆ ನಾನು."

ಹತ್ತಿರ ಕೂತವರು ಮೆಲ್ಲಗೆ ನಕ್ಕರು. ಮಗಳಿಗೆ ನಗು ಬರಲಿಲ್ಲ. ಅಜ್ಜಿ ಬೆನ್ನು ಕೊಟ್ಟಿದ್ದ ಜಾಗದಲ್ಲಿ ಗೋಡೆ ನಾಲ್ಕು ಬೆರಳು ಉಬ್ಬಿಕೊಂಡಿತ್ತು. ಹೋದ ವಾರ ಅದು ಹಾಗಿರಲಿಲ್ಲ.

*

ಮಣ್ಣಿನ ಗೋಡೆಗೆ ಸುಣ್ಣದ ಗಾರೆ ಹಾಕಬೇಕು, ಸಿಮೆಂಟು ಕೂಡದು. ಇದು ಮೇಸ್ತ್ರಿಗೆ ಗೊತ್ತಿತ್ತು, ಗಾರೆ ಕಲಸಿಕೊಡುತ್ತಿದ್ದ ಮಗಳಿಗೂ ಗೊತ್ತಿತ್ತು. ಸುಣ್ಣವಾದರೆ ಗೋಡೆ ಹೀರಿದ ನೀರನ್ನು ಹೊರಗೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ, ನೀರು ಒಳಗೇ ನಿಂತು ಮಣ್ಣು ಕೆಸರಾಗುತ್ತದೆ.

"ಸುಣ್ಣ ಹದಕ್ಕೆ ಬರಬೇಕು, ಎರಡು ತಿಂಗಳು ಕೊಡಿ," ಎಂದಿದ್ದ ಮೇಸ್ತ್ರಿ.

"ಇನ್ನೆರಡು ವಾರಕ್ಕೆ ಉದ್ಘಾಟನೆ ಮಾರಾಯ. ಉತ್ತರದ್ದೊಂದಕ್ಕೆ ಸಿಮೆಂಟು ಹೊಡಿ. ಮೇಲೆ ಸುಣ್ಣ ಬಳಿದರೆ ಯಾರಿಗೆ ಗೊತ್ತಾಗುತ್ತೆ?" ಎಂದಿದ್ದರು ಅಧ್ಯಕ್ಷರು.

ಆಗೋದಿಲ್ಲ ಅನ್ನಬೇಕಿತ್ತು. ಜನ್ಮದಲ್ಲಿ ಯಾರಿಗೂ ಆ ಮಾತು ಅಂದವನಲ್ಲ, ಅವತ್ತೂ ಅನ್ನಲಿಲ್ಲ. ಆಮೇಲೆ ಆರು ವರ್ಷ ದಿನಾ ಬಂದು ಗೋಡೆ ತಟ್ಟಿದ.

"ಸದ್ದು ಮಂದ ಆಗಿದೆ ಕಣೇ," ಎಂದು ಹೋದ ತಿಂಗಳು ಮಗಳಿಗೆ ಹೇಳಿದ್ದ. "ನಾನಿರೋವರೆಗೂ ಬಾಯಿ ಬಿಡಬೇಡ. ನನಗಿರೋದು ಒಳ್ಳೆ ಕೆಲಸಗಾರ ಅನ್ನೋ ಹೆಸರೊಂದೇ."

*

ಈಗ ಅಪ್ಪ ಇರಲಿಲ್ಲ. ಹೆಸರಿತ್ತು, ಅರವತ್ತು ಜನ ಅದನ್ನೇ ಆಡುತ್ತಿದ್ದರು. ಇವತ್ತೊಂದು ದಿನ ಸುಮ್ಮನಿದ್ದರೆ ಆ ಹೆಸರು ಹೊತ್ತುಕೊಂಡೇ ಹೋಗುತ್ತಾನೆ, ಪಾಪ, ಅನ್ನಿಸಿತು ಅವಳಿಗೆ. ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದಳು. ಒದ್ದೆ ಗೋಣಿಚೀಲಕ್ಕೆ ಬಡಿದ ಹಾಗಿತ್ತು. ತಲೆಯೆತ್ತಿದರೆ, ಅಟ್ಟದ ತೊಲೆಯ ತುದಿ ಗೋಡೆಯಿಂದ ಎರಡು ಬೆರಳು ಈಚೆ ಸರಿದಿತ್ತು.

"ಎಲ್ಲರೂ ಎದ್ದು ಹೊರಗೆ ಹೋಗಿ," ಎಂದಳು. "ಈ ಗೋಡೆ ಬೀಳುತ್ತೆ. ಸಿಮೆಂಟು ಹೊಡೆದಿದ್ದು ನಮ್ಮಪ್ಪ. ತಪ್ಪು ಅಂತ ಗೊತ್ತಿದ್ದೇ ಹೊಡೆದ."

"ಸತ್ತೋನ ಮೇಲೆ ಇಂಥ ಮಾತಾಡ್ತಾರೇನೇ?" ಎಂದ ಚಿಕ್ಕಪ್ಪ. "ದುಃಖಕ್ಕೆ ತಲೆ ಕೆಟ್ಟಿದೆ ಇವಳಿಗೆ."

ಯಾರೂ ಏಳಲಿಲ್ಲ. ಮಗಳು ಅಧ್ಯಕ್ಷರ ಮುಖ ನೋಡಿದಳು. ಅವರು ನೆಲ ನೋಡಿದರು. ಆಮೇಲೆ ಎದ್ದು, ಅಜ್ಜಿಯ ಕೈ ಹಿಡಿದು ಎಬ್ಬಿಸಿ, ಬಾಗಿಲ ಕಡೆ ನಡೆದರು. ಅಷ್ಟು ಸಾಕಾಯಿತು. ಪಡಸಾಲೆ ದಡದಡ ಖಾಲಿಯಾಯಿತು.

"ನಾಲ್ಕು ಜನ ಬನ್ನಿ, ಅಪ್ಪನ್ನ ಎತ್ತಬೇಕು," ಎಂದು ಅವಳು ಒಳಗಿನಿಂದ ಕರೆದಳು.

ಬೆಳಿಗ್ಗೆ ಹೆಗಲು ಕೊಡಲು ನಾ ಮುಂದು ತಾ ಮುಂದು ಎಂದವರು ಈಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕಪ್ಪ ಹೊಸ್ತಿಲವರೆಗೆ ಬಂದು ನಿಂತ. ಅವನನ್ನು ಸರಿಸಿಕೊಂಡು ಒಳಗೆ ಬಂದವರು ಅಧ್ಯಕ್ಷರು.

"ಕಾಲ ಕಡೆ ನಾನು ಹಿಡೀತೀನಿ," ಎಂದರು. ಎಪ್ಪತ್ತು ದಾಟಿದ ಮನುಷ್ಯ.

ಇಬ್ಬರೇ ಎತ್ತಿದರು. ಮಂಚ ಒಂದು ಕಡೆ ವಾಲಿತು. ಮೇಲೆ ತೊಲೆ ಕಿರುಗುಟ್ಟಿತು. ಬಾಗಿಲು ಇನ್ನೂ ದೂರವಿರುವಾಗಲೇ ತೊಲೆಯ ಸಂದಿನಿಂದ ಒದ್ದೆ ಮಣ್ಣು ಸಣ್ಣಗೆ ಉದುರಿ ಅಪ್ಪನ ಕೆನ್ನೆಯ ಮೇಲೆ ಬೀಳತೊಡಗಿತು. ಒರೆಸೋಣವೆಂದರೆ ಅವಳ ಎರಡು ಕೈಯೂ ಮಂಚ ಹಿಡಿದಿದ್ದವು.