ಗೋಡೆಯ ಮೇಲಿನ ಡಬರಿ

ಮತ್ತೆ ಆ ಡಬರಿಯೇ ಕಣ್ಣಿಗೆ ಬೀಳುತ್ತದೆ, ಓಣಿಯಾಚೆ ಬಂಡಮ್ಮನ ಮೋಟುಗೋಡೆಯ ಮೇಲೆ ಬಾಯಿ ತೆರೆದು ಕುಳಿತ ಹಿತ್ತಾಳೆ ಡಬರಿ — ಶಾಂತಾಬಾಯಿ ಮುಖ ತಿರುಗಿಸಿ ಕುಳ್ಳು ಎತ್ತುತ್ತಾಳೆ, ಇನ್ನೊಂದು ಬುಟ್ಟಿ ಒಳಗೆ ಹಾಕಿದರೆ ಎರಡು ದಿನದ ಒಲೆಗೆ ಸಾಕು, ಆಣೆಕಲ್ಲಿನ ಮಳೆ ಅದ, ಥಂಡಿ ಅದ, ಮನಿ ಬಿಟ್ಟು ಹೊರಗ ಬರಬ್ಯಾಡ್ರಿ, ಎಂದು ಮುಂಜಾನೆಯೇ ಆಟೋದ ಮೈಕು ತೆಲುಗಿನಲ್ಲೊಮ್ಮೆ ನಮ್ಮ ಮಾತಿನಲ್ಲೊಮ್ಮೆ ಕೂಗಿ ಹೋಗಿದೆ, ಝರಾಸಂಗದ ಕಡೆ ಆಕಾಶ ವಿಭೂತಿ ಬಳಿದಂತೆ ಬೆಳ್ಳಗಾಗಿದೆ, ಸಂಗಮೇಶ್ವರಾ, ಕರಿಮೋಡಕ್ಕಿಂತ ಈ ಬಿಳಿಗೇ ಅಂಜಬೇಕಪ್ಪಾ, ಆಕಳು ಕರು ಪಡಸಾಲೆಗೆ ಬಂದವು, ಶೇಂಗಾ ಹಿಂಡಿ ಕುಟ್ಟಿದ್ದಾಯಿತು, ರೊಟ್ಟಿ ಬಡಿದದ್ದಾಯಿತು — ಏ ಶಾಂತಾ, ಮದುವಿ ಮನಿಗಿ ಬಡದಂಗ ಬಡದೀಯಲ್ಲ, ಯಾರ ಬರೋರಿದ್ದಾರ, ಕಂಬಳಿಯೊಳಗಿಂದ ಗಂಡ ಮನ್ಮಥಪ್ಪನ ನಗು, ಯಾರೂ ಇಲ್ಲರೀ, ಕೈ ತಾನ ಬಡೀತು, ಎನ್ನುತ್ತಾಳೆ, ಕೈ ತಾನೇ, ಹೌದು, ಆ ಡಬರಿ ತಿಕ್ಕಿದ್ದೂ ಇದೇ ಕೈ.

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ, ಎಲ್ಲರೂ ಸಾಲು ಹಿಡಿದು ಉಣ್ಣುವಾಗ, ಇವಳು ಮಾಡಿದ ಭಜ್ಜಿ ಬಾಯಿಗಿಟ್ಟು ಬಂಡಮ್ಮ ಅಂದಿದ್ದಳು, ಅಕ್ಕಾ, ಉಪ್ಪಿನ ಡಬ್ಬಿ ಮನ್ಯಾಗೇ ಮರತು ಬಂದೀ ಏನು, ಹೊಲಕ್ಕೆ ಹೊಲವೇ ನಕ್ಕಿತು, ಗಂಡನೂ ನಕ್ಕ, ಉಪ್ಪು ನಿಜಕ್ಕೂ ಇರಲಿಲ್ಲ, ಚುಚ್ಚಿದ್ದು ಅದೇ, ಸಂಜೆ ಬಂಡಮ್ಮ ಸಜ್ಜೆ ಕಡಬು ತುಂಬಿ ಕೊಟ್ಟ ಡಬರಿಯನ್ನು ಫಳಫಳ ತಿಕ್ಕಿ ಖಾಲಿಯೇ ಒಯ್ದು ಆ ಗೋಡೆಯ ಮೇಲೆ ಕುಕ್ಕಿ ಬಂದಿದ್ದಳು, ಒಂದು ಹಿಡಿ ಜೋಳವಿಲ್ಲ, ಒಂದು ಚೂರು ಬೆಲ್ಲವಿಲ್ಲ, ಮಂದಿ ಭಾಂಡೆ ಖಾಲಿ ಕಳಸಬ್ಯಾಡವ್ವಾ, ಇನ್ನ ನಮ್ಮ ಮನಿಗಿ ಬರಬ್ಯಾಡ ಅಂದಂಗ, ತೀರಿಹೋದ ಅತ್ತೆಯ ದನಿ ಅಡುಗೆಮನೆಯ ಹೊಗೆಯಲ್ಲಿ ಈಗಲೂ ಸುಳಿಯುತ್ತದೆ, ಬಂಡಮ್ಮ ಡಬರಿ ಒಳಗೆ ಒಯ್ಯಲಿಲ್ಲ, ಬೈಯಲೂ ಬರಲಿಲ್ಲ, ಬೈದಿದ್ದರೆ ಎಷ್ಟು ಹಗುರ, ಬೆಳಿಗ್ಗೆ ಅಂಗೈಯ ಲಿಂಗಕ್ಕೆ ನೀರೆರೆಯುವಾಗಲೂ ಬೆರಳ ಸಂದಿಯಲ್ಲಿ ಆ ಹಿತ್ತಾಳೆಯ ಹೊಳಪು, ಬಂಡಮ್ಮನ ಮನೆಗೆ ತಗಡಿನ ಮಾಡು, ತಗಡು ಹಾರದಂತೆ ಮೇಲೆ ಕಲ್ಲು, ಗಾಳಿ ಎದ್ದರೆ ಕಲ್ಲೂ ತಗಡೂ ಅವಳ ತಲೆಯ ಮೇಲೇ, ಕರೆಯಬೇಕು, ಕರೆದರೆ ಬಂದಾಳೆ, ಬರಾಂಗಿಲ್ಲ ಅಂದುಬಿಟ್ಟರೆ, ಓಣಿಯೆಲ್ಲ ಕೇಳುವ ಹಾಗೆ ಅಂದುಬಿಟ್ಟರೆ —

ಟಣ್.

ಡಬರಿಗೇ ಬಿತ್ತು ಮೊದಲ ಕಲ್ಲು, ಆಮೇಲೆ ತಗಡಿನ ಮೇಲೆ ಹಲಗಿ ಬಡಿದಂತೆ, ಬಾಗಲಾ ಹಾಕೇ, ಒಳಗಿಂದ ಗಂಡ, ಹಾಕತೀನ್ರಿ, ಬಂಡವ್ವಾ, ಏ ಬಂಡವ್ವಾ, ಕೂಗು ಓಣಿಯನ್ನೂ ದಾಟುವುದಿಲ್ಲ, ಹಿಟ್ಟು ನಾದುವ ಪರಾತ ತಲೆಯ ಮೇಲೆ ಹಿಡಿದು ಶಾಂತಾಬಾಯಿ ಇಳಿದೇಬಿಟ್ಟಿದ್ದಾಳೆ, ಶಿವಾ ಶಿವಾ, ಕಾಲಡಿ ಜಾರುವ ಬಿಳಿ, ಮೂಲೆಯ ತಗಡೊಂದು ರೆಕ್ಕೆ ಬಡಿಯುತ್ತಿದೆ, ಕೌದಿ ಹೊದ್ದ ಬಂಡಮ್ಮ ಹೊಸ್ತಿಲಲ್ಲಿ, ನಡೀ, ನಡಿಯವ್ವಾ, ಮಾತು ಆಮ್ಯಾಲ ಆಡು, ತಡಿ ಅಕ್ಕಾ, ಎನ್ನುತ್ತಾಳೆ ಬಂಡಮ್ಮ, ಕೌದಿಯಿಂದ ಕೈ ಚಾಚಿ ಗೋಡೆಯ ಮೇಲಿನದನ್ನು ಎದೆಗೆ ಎತ್ತಿಕೊಳ್ಳುತ್ತಾಳೆ, ಖಾಲಿ ಡಬರಿ ತಗೊಂಡು ನಿನ್ನ ಮನಿಗಿ ಹೆಂಗ ಬರ್ಲಿ, ನೋಡು, ಉಪ್ಪು ತುಂಬಕೊಂಡು ಹೊಂಟೀನಿ — ನಗಬೇಕು, ಆದರೆ ಶಾಂತಾಬಾಯಿಯ ಕಣ್ಣು ಅಲ್ಲೇ ನಿಂತುಬಿಟ್ಟಿದೆ, ಹಿತ್ತಾಳೆಯ ಅಂಚಿನವರೆಗೂ ಹರಳು ಹರಳು ಬಿಳಿ, ಅದರ ಮೇಲೆ ಇನ್ನೂ ಬೀಳುತ್ತಿರುವ ಬಿಳಿ.